ಅಮ್ಮ ಹೇಳದೆ ಹೋದ ಜಾಗ

ಕಾಪುವಿನ ನಮ್ಮ ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಮಳೆಗಾಲದ ಮೊದಲ ಗುಡುಗಿಗೆ ನಾನು ಸಮುದ್ರದ ಕಡೆ ನೋಡುವವಳಲ್ಲ. ಹಿತ್ತಿಲ ಬಾಗಿಲಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತೇನೆ. ಅಲ್ಲಿ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕ್ ಮತ್ತು ಎರಡು ತೆಂಗಿನ ಮರ.

"ಶುರುವಾಯ್ತು ಇವಳದ್ದು" ಎನ್ನುತ್ತಾರೆ ನನ್ನ ಗಂಡ. "ಇನ್ನು ಒಂದು ವಾರ ನಮಗೆ ಊಟ ಉಂಟೋ ಇಲ್ವೋ."

ಅವರಿಗೆ ಮೀನಿದ್ದರೆ ಸಾಕು. ಕಾಡಿನ ಬದಿಯಲ್ಲಿ ಹುಟ್ಟಿದವರ ಹೊಟ್ಟೆಯ ಸಂಕಟ ಕಡಲ ಬದಿಯವರಿಗೆ ಗೊತ್ತಾಗುವುದಿಲ್ಲ. ಆ ಗುಡುಗಿಗೆ ನಮ್ಮ ಊರಿನ ಕಾಡಿನಲ್ಲಿ ಕಲ್ಲಣಬೆ ಏಳುತ್ತದೆ. ಕೊಡೆಯಂತೆ ಅರಳುವ ಅಣಬೆಯಲ್ಲ ಅದು. ಮಣ್ಣಿನ ಒಳಗೇ ಗೋಲಿಯಂತೆ ಉರುಟಾಗಿ ಕುಳಿತಿರುತ್ತದೆ, ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಎಲ್ಲಿ ಕೆದಕಬೇಕೆಂದು ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಕೊಯ್ದಾಗ ಒಳಗೆ ಬೆಳ್ಳಗಿದ್ದರೆ ಅಡಿಗೆಗೆ, ಕಪ್ಪಾಗಿದ್ದರೆ ತಿಪ್ಪೆಗೆ. ಹಲಸಿನ ಬೀಜ ಸೇರಿಸಿ, ತೆಂಗಿನಕಾಯಿ ಹುರಿದು ಸುಕ್ಕ ಮಾಡಿದರೆ ಹಲ್ಲಿಗೆ ಸಿಕ್ಕಿದಾಗ ಟಪ್ ಎಂದು ಒಡೆಯುತ್ತದೆ. ಮನುಷ್ಯ ಚಂದ್ರನಿಗೆ ಹೋಗಿ ಬಂದಿದ್ದಾನೆ, ಇದನ್ನು ತೋಟದಲ್ಲಿ ಬೆಳೆಸಲು ನಮ್ಮ ಕಡೆ ಈವರೆಗೆ ಯಾರಿಂದಲೂ ಆಗಲಿಲ್ಲ. ಹಳೆಯ ಬೋಗಿ ಮರದ ಬೇರು ಬೇಕು ಅದಕ್ಕೆ. ಮರ ಹೋದರೆ ಅದೂ ಹೋಯಿತು.

ನನ್ನ ತವರು ಹಿರಿಯಡ್ಕದಿಂದ ಪೆರ್ಡೂರಿನ ಕಡೆಗೆ ಸ್ವಲ್ಪ ಒಳಗೆ. ಗದ್ದೆ ದಾಟಿದರೆ ಗುಡ್ಡ, ಗುಡ್ಡದ ಬೆನ್ನಿಗೆ ರಿಸರ್ವ್ ಕಾಡು. ಅಜ್ಜನ ಅಜ್ಜನೂ ಹಾಗೇ ನೋಡಿದ ಕಾಡಂತೆ ಅದು. ಇಬ್ಬರು ಕೈ ಹಿಡಿದು ನಿಂತರೂ ತಬ್ಬಲಾಗದ ಬೋಗಿ ಮರಗಳು, ಹಗಲಲ್ಲೂ ತಣ್ಣಗೆ, ಮಣ್ಣಿಗೆ ಒದ್ದೆ ಗೋಣಿಯ ವಾಸನೆ. ಬೆಳಕು ಹರಿಯುವಾಗ ಅಮ್ಮ ಅಲ್ಲಿಗೆ ಹೋಗುತ್ತಿದ್ದಳು. ನಾವು ಏಳುವುದರೊಳಗೆ ಬುಟ್ಟಿಯ ಮೇಲೆ ಉಪ್ಪಳಿಗೆ ಸೊಪ್ಪು ಮುಚ್ಚಿಕೊಂಡು ವಾಪಸು ಬಂದಿರುತ್ತಿದ್ದಳು. ಯಾವ ಮರದ ಬುಡದಿಂದ ತಂದದ್ದು ಎಂದು ಕೇಳಿದರೆ "ಕಾಡಿನಿಂದ" ಎನ್ನುತ್ತಿದ್ದಳು. ಅಷ್ಟೇ ಉತ್ತರ.

ನಮ್ಮ ಊರಿನಲ್ಲಿ ಕಲ್ಲಣಬೆಯ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಸೌತೆಬೀಜ ಕೊಡುತ್ತಾರೆ, ಮಲ್ಲಿಗೆಯ ಗೆಲ್ಲು ಕೊಡುತ್ತಾರೆ, ಬಾವಿಯ ನೀರು ಕೊಡುತ್ತಾರೆ. ಇದನ್ನು ಮಾತ್ರ ಕೊಡುವುದಿಲ್ಲ. ಜೂನ್ ತಿಂಗಳಲ್ಲಿ ಗುಡ್ಡದ ದಾರಿಯಲ್ಲಿ ಎದುರಾದವರನ್ನು "ಎಲ್ಲಿಗೆ ಹೊರಟದ್ದು?" ಎಂದು ಕೇಳಿ ನೋಡಿ. "ಸೊಪ್ಪಿಗೆ" ಎನ್ನುತ್ತಾರೆ. ಕೇಳಿದವರು ಹೊರಟಿರುವುದೂ ಸೊಪ್ಪಿಗೇ. ಇಬ್ಬರೂ ನಗುತ್ತಾರೆ, ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಚಿಕ್ಕಂದಿನಲ್ಲಿ ನಾನೂ ತಮ್ಮನೂ ಒಮ್ಮೆ ಅಮ್ಮನ ಹಿಂದೆಯೇ ಕದ್ದು ಹೋದೆವು. ಅವಳು ತಿರುಗಿಯೂ ನೋಡದೆ ಇಡೀ ಗುಡ್ಡಕ್ಕೆ ಒಂದು ಸುತ್ತು ಹಾಕಿಸಿ, ಕೊನೆಗೆ ನಮ್ಮಿಬ್ಬರ ತಲೆಯ ಮೇಲೂ ನಿಜವಾಗಿಯೇ ಒಂದೊಂದು ಹೊರೆ ಸೊಪ್ಪು ಹೊರಿಸಿ ಮನೆಗೆ ಕರೆತಂದಳು.

ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯ ದಿನಗಳಲ್ಲಿ ಅವಳ ಮಂಚದ ಪಕ್ಕ ಎಷ್ಟೋ ಹೊತ್ತು ಕುಳಿತಿದ್ದೆ. ದನದ ವಿಷಯ ಹೇಳಿದಳು, ತಮ್ಮನ ಮಗನ ಕೆಮ್ಮಿನ ವಿಷಯ ಹೇಳಿದಳು, ಇದೊಂದನ್ನು ಹೇಳಲಿಲ್ಲ. ನನಗಾದರೂ ಹೇಳಬಹುದಿತ್ತು. ಒಬ್ಬಳೇ ಮಗಳು ನಾನು. ಈ ಮಾತನ್ನು ನಾಲ್ಕು ವರ್ಷದಿಂದ ಒಳಗೇ ಅಗಿಯುತ್ತಿದ್ದೇನೆ, ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ.

ಕಾರ್ಕಳದ ರಸ್ತೆ ಬದಿಯಲ್ಲಿ ಕಲ್ಲಣಬೆ ಮಾರುತ್ತಾರೆ. ಅಮ್ಮ ತೀರಿಕೊಂಡ ವರ್ಷ ಅಲ್ಲಿಂದ ತಂದು ಮಾಡಿದೆ. ರುಚಿಗೆ ಏನೂ ಕಡಿಮೆ ಇರಲಿಲ್ಲ, ಸುಳ್ಳು ಹೇಳಬಾರದು. ಆದರೂ ಎರಡನೆಯ ತುತ್ತಿಗೇ ತಟ್ಟೆ ಸರಿಸಿಟ್ಟೆ. ನನಗೆ ಬೇಕಾದದ್ದು ಅಣಬೆಯಲ್ಲ ಎಂದು ಆಗ ಗೊತ್ತಾಯಿತು. ಅಮ್ಮ ಅಷ್ಟು ವರ್ಷ ಒಬ್ಬಳೇ ಹೋಗಿ ಕುಳಿತುಕೊಳ್ಳುತ್ತಿದ್ದ ಆ ಮರದ ಬುಡ ಬೇಕಾಗಿತ್ತು. ಒಮ್ಮೆ ಅಲ್ಲಿ ಕೂರಬೇಕು, ಅಷ್ಟೇ.

ಅಂದಿನಿಂದ ಪ್ರತಿ ಜೂನ್‌ನಲ್ಲಿ ಎರಡು ದಿನ ರಜೆ ಹಾಕುತ್ತೇನೆ. ಮಣಿಪಾಲದಲ್ಲಿ ಲ್ಯಾಬ್ ಟೆಕ್ನೀಶಿಯನ್ ನಾನು. ಸೂಕ್ಷ್ಮದರ್ಶಕದ ಕೆಳಗೆ ಕಣ್ಣಿಗೆ ಕಾಣದ್ದನ್ನೆಲ್ಲ ಹುಡುಕಿ ಕೊಡುತ್ತೇನೆ, ಒಂದು ಮರವನ್ನು ಹುಡುಕಲು ಆಗಲಿಲ್ಲ. ಗುಡ್ಡದ ಈಚೆಯ ಮಗ್ಗುಲಿಗೆ ಈಗ ಪೂರ್ತಿ ಅಕೇಶಿಯಾ ನೆಟ್ಟಿದ್ದಾರೆ. ಅದರ ಕೆಳಗೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಇನ್ನೊಂದು ಕಡೆ ಕೆಂಪುಕಲ್ಲು ಕಡಿದು ಕಡಿದು ದೊಡ್ಡ ಗುಂಡಿ. ಅಮ್ಮನ ಮರ ಆ ಗುಂಡಿಯ ಜಾಗದಲ್ಲಿ ಇದ್ದಿರಬಹುದೇ ಎಂದು ಯೋಚಿಸಿ ಒಂದು ವರ್ಷ ಮಧ್ಯಾಹ್ನದೊಳಗೇ ಬಸ್ಸು ಹತ್ತಿದ್ದೆ. ಕಾಡಿನ ಬಾಯಿಯಲ್ಲಿ ಇಲಾಖೆಯ ಬೋರ್ಡು ಬಂದಿದೆ, ತಂತಿ ಬಂದಿದೆ. ಒಳಗೆ ಮಾತ್ರ ಹಳೆಯ ಕಾಡು ಹಾಗೇ ಉಂಟು. ಅಲ್ಲಿ ಬೋಗಿ ಮರ ಒಂದೆರಡಲ್ಲ. ಬುಡ ಬುಡ ಕೆದಕಿ, ಇಂಬಳ ಕಚ್ಚಿಸಿಕೊಂಡು, ಸಂಜೆ ತಮ್ಮನ ಮನೆಗೆ ಬರಿಗೈಯಲ್ಲಿ ಬರುವುದೇ ಆಯಿತು. "ಅಕ್ಕ, ಸೊಪ್ಪು ಸಿಕ್ಕಿತಾ?" ಎಂದು ಅವನು ಪ್ರತಿ ಸಲ ಕೇಳುತ್ತಾನೆ. ಒಮ್ಮೆ ಕೈಯಲ್ಲಿದ್ದ ಕೊಡೆಯಿಂದಲೇ ಹೊಡೆದಿದ್ದೇನೆ.

ಈ ವರ್ಷ ಮಳೆ ಬಂದ ಮೂರನೆಯ ಬೆಳಿಗ್ಗೆ, ಕಾಡಿನ ಒಳಗಿನ ತೊರೆ ದಾಟಿ ಮೇಲೆ ಹತ್ತಿದೆ. ಹಿಂದೆಂದೂ ಅಷ್ಟು ಮೇಲೆ ಹೋಗಿರಲಿಲ್ಲ. ದೊಡ್ಡ ಬೋಗಿ ಮರವೊಂದರ ಬುಡದಲ್ಲಿ ತರಗೆಲೆ ಸ್ವಲ್ಪ ಎದ್ದಂತೆ ಕಂಡಿತು. ಸರಿಸಿದರೆ ಆಗಷ್ಟೇ ಕೆದಕಿದ ಮಣ್ಣು. ನಾನೂ ಬೆರಳು ಹಾಕಿದೆ, ಒಂದು ಸಿಕ್ಕಿತು.

"ಯಾರದು ಅಲ್ಲಿ?"

ಅಣಬೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ತಿರುಗಿ ನೋಡಿದರೆ ನಮ್ಮ ಗದ್ದೆಯಾಚೆಯ ಮನೆಯ ಬಾಯಮ್ಮ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು. ಅವರೂ ಅಮ್ಮನೂ ಒಂದೇ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದವರು. ಸೊಂಟಕ್ಕೆ ಟವೆಲ್ ಬಿಗಿದು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ನನ್ನ ಗುರುತು ಸಿಕ್ಕಿದ ಮೇಲೂ ಮುಖ ಸಡಿಲವಾಗಲಿಲ್ಲ.

"ನಿನಗೆ ಈ ಜಾಗ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನು ಅಮ್ಮನ ಜಾಗ ಹುಡುಕಿಕೊಂಡು ಬಂದದ್ದು."

"ಇದೇ ಮಾರಾಯ್ತಿ ನಿನ್ನ ಅಮ್ಮನ ಜಾಗ. ನನಗೆ ತೋರಿಸಿದ್ದು ಅವಳೇ."

ನಾಲ್ಕು ವರ್ಷ ಕಾಯ್ದ ಮಾತಿಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ಹೊಟ್ಟೆಕಿಚ್ಚು ಎಂದೇ ಹೇಳುತ್ತೇನೆ. "ನೆರೆಮನೆಯವರಿಗೆ ತೋರಿಸಲು ಆಯ್ತು, ಹೆತ್ತ ಮಗಳಿಗೆ ಹೇಳಲು ಬಾಯಿ ಬರಲಿಲ್ಲ ಅಲ್ವಾ?" ಎಂದುಬಿಟ್ಟೆ. ಎಪ್ಪತ್ತು ದಾಟಿದವರ ಎದುರು ಅಷ್ಟು ದೊಡ್ಡ ಸ್ವರ ತೆಗೆಯಬಾರದಿತ್ತು.

ಬಾಯಮ್ಮ ನನ್ನನ್ನೇ ನೋಡಿದರು. "ನಿನಗೆ ಹೇಳಲಿಲ್ಲವಾ? ನಿನ್ನನ್ನು ಕರೆದದ್ದು ನೆನಪಿಲ್ಲವಾ?"

"ಎಂತ ಕರೆದದ್ದು?"

"ನಿನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿದ ವರ್ಷ. ಮಗಳು ದೊಡ್ಡವಳಾದಳು, ಈ ಸಲ ಅವಳಿಗೆ ಜಾಗ ತೋರಿಸ್ತೇನೆ ಅಂತ ಒಂದು ವಾರದಿಂದ ಹೇಳ್ತಾ ಇದ್ದಳು. ನೀನು ಬರುವುದಿಲ್ಲ ಅಂದಿಯಂತೆ. ಮರುವರ್ಷವೂ ಕೇಳಿದಳಂತೆ. ಅದರ ನಂತರವೇ ನನ್ನನ್ನು ಕರೆದದ್ದು. ಒಬ್ಬಳಿಗಾದರೂ ಗೊತ್ತಿರಲಿ ಅಂತ."

ಒಮ್ಮೆಲೇ ಎಲ್ಲ ನೆನಪಾಯಿತು. ನಾನು ಹೊಸ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು "ನಾಳೆ ಬೆಳಿಗ್ಗೆ ನನ್ನೊಟ್ಟಿಗೆ ಬರ್ತೀಯಾ?" ಎಂದು ಕೇಳಿದ್ದಳು. ಎಲ್ಲಿಗೆ ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ, ನನಗೆ ಗೊತ್ತಿತ್ತು. "ನನ್ನಿಂದಾಗದು. ಉಗುರಿನೊಳಗೆ ಮಣ್ಣು ಕೂತರೆ ಲ್ಯಾಬಿನಲ್ಲಿ ನಗುತ್ತಾರೆ. ಅದು ಪೇಟೆಯಲ್ಲೂ ಸಿಗುತ್ತದಲ್ಲ" ಎಂದಿದ್ದೆ, ತಲೆಯನ್ನೂ ಎತ್ತದೆ. ಮರುವರ್ಷ ಏನು ಹೇಳಿದೆನೋ, ಅದು ನೆನಪಿಲ್ಲ. ನೆನಪಾಗದಿರುವುದೇ ಒಳ್ಳೆಯದು.

ನಾನು ಕೈಯಲ್ಲಿದ್ದ ಆ ಒಂದು ಅಣಬೆಯನ್ನು ಬಾಯಮ್ಮನ ಬುಟ್ಟಿಗೆ ಹಾಕಿ ಹೊರಡಲು ಎದ್ದೆ. ಅಲ್ಲಿ ಕೂರುವ ಆಸೆಯೆಲ್ಲ ಹೋಗಿತ್ತು. ಯಾವ ಮುಖ ಇಟ್ಟುಕೊಂಡು ಕೂರುವುದು? ಅವರು ನನ್ನ ಕೈ ಹಿಡಿದು ಮರದ ಆಚೆ ಬದಿಗೆ ಕರೆದುಕೊಂಡು ಹೋದರು. ಅಲ್ಲಿ ಎರಡು ದಪ್ಪ ಬೇರುಗಳ ನಡುವೆ ಒಂದು ಚಾಪೆಯಷ್ಟು ಜಾಗ. ತರಗೆಲೆ ವರ್ಷಗಟ್ಟಲೆ ಬಿದ್ದು ಹಾಗೇ ಕುಳಿತಿತ್ತು, ಯಾರೂ ಮುಟ್ಟಿದ ಗುರುತಿಲ್ಲ.

"ಇಷ್ಟನ್ನು ನಿನ್ನ ಅಮ್ಮ ಯಾವ ವರ್ಷವೂ ಕೆದಕಲಿಲ್ಲ" ಎಂದರು ಬಾಯಮ್ಮ. "ನನಗೂ ಬಿಡಲಿಲ್ಲ. ಮಗಳು ಯಾವಾಗಲಾದರೂ ಬಂದಾಳು, ಬಂದ ದಿನ ಅವಳಿಗೆ ಸಿಗದೆ ಹೋಗಬಾರದು ಅಂತ. ಇಲ್ಲಿಯದ್ದೆಲ್ಲ ಸುಮ್ಮನೆ ಕಪ್ಪಾಗಿ ಹೋಗ್ತಿತ್ತು. ಅವಳು ಹೋದ ಮೇಲೂ ನಾನು ಕೈ ಹಾಕಿಲ್ಲ."

ಕೋಲನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಪಕ್ಕಕ್ಕಿಟ್ಟು ಮಂಡಿಯೂರಿ ಹತ್ತು ಬೆರಳನ್ನೂ ಮಣ್ಣಿಗೆ ಹಾಕಿದೆ. ಹಾಕಿದ ಕಡೆಯೆಲ್ಲ ಸಿಕ್ಕಿದವು. ನನ್ನ ಅಳು ಎಷ್ಟು ಜೋರಾಯಿತೆಂದರೆ ಬಾಯಮ್ಮ ಬಗ್ಗಿ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಮೆಲ್ಲ ಮಗ, ಮೆಲ್ಲ. ತೊರೆಯ ಆಚೆ ಜನ ಉಂಟು, ಜಾಗ ಗೊತ್ತಾಗ್ತದೆ" ಎಂದರು.