ಅಯಸ್ಕಾಂತಕ್ಕೆ ಅಂಟದ ಪುಡಿ

ಎಲ್ಲ ಕೆಡಲು ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಅಪ್ಪನನ್ನು ಕೇಳಿದರೆ, ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಎನ್ನುತ್ತಾರೆ. ರಿಂಗ್ ರಸ್ತೆಯ ನಡುವೆ ಎಂಜಿನ್ ಬಿಗಿದುಕೊಂಡು ನಮ್ಮ ವ್ಯಾನು ನಿಂತುಬಿಟ್ಟ ಹೊತ್ತು ಅದು. ನಾನು ಏಳು ಹತ್ತಕ್ಕೆ ಎನ್ನುತ್ತೇನೆ. ಆಗ ನಾನು ಬನಶಂಕರಿಯ ನಮ್ಮ ಮನೆಯ ತಾರಸಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೆಯ ಆಯಿಲ್ ಫಿಲ್ಟರೊಂದರ ಕಾಗದದ ಮೇಲೆ ಅಯಸ್ಕಾಂತ ಆಡಿಸುತ್ತಿದ್ದೆ. ಎರಡೂವರೆ ತಿಂಗಳಾಯಿತು. ಇವತ್ತು ಬೆಳಿಗ್ಗೆ ಕಾಫಿ ಲೋಟ ಬಾಯಿಗೆ ತಂದಾಗ ಬೆರಳಿನಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ಎಷ್ಟು ತೊಳೆದರೂ ಉಗುರುಸಂದಿ ಬಿಟ್ಟು ಹೋಗದ ವಾಸನೆ. ಅದಕ್ಕೇ ಇದನ್ನೆಲ್ಲ ನಿಮ್ಮ ಹತ್ತಿರ ಹೇಳಲು ಕೂತಿದ್ದೇನೆ.

ಮೊದಲು ಅಣ್ಣನ ವಿಷಯ ಹೇಳಬೇಕು. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಗ್ಯಾರೇಜು ಸೇರಿದವನು. ಈಗ ಉತ್ತರಹಳ್ಳಿಯಲ್ಲಿ ಅವನದೇ ಗ್ಯಾರೇಜಿದೆ. ಸವೆದ ಎಂಜಿನ್ ಇಳಿಸಿ, ಬಿಚ್ಚಿ, ಹೊಸ ಬೇರಿಂಗು, ರಿಂಗು ಹಾಕಿ ಮತ್ತೆ ಕಟ್ಟುವುದು ಅವನ ಕಸುಬು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಜೆ.ಪಿ. ನಗರದ ತಣ್ಣನೆಯ ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಎಂಜಿನ್ ಭಾಗಗಳ ಚಿತ್ರ ಬರೆಯುತ್ತೇನೆ. ನನ್ನ ಯಾವ ಎಂಜಿನ್ನೂ ಇದುವರೆಗೆ ಒಂದು ತೊಟ್ಟು ಎಣ್ಣೆ ಸೋರಿಸಿಲ್ಲ.

ತಾನು ಕಟ್ಟಿದ ಎಂಜಿನ್ ಒಂದಷ್ಟು ದೂರ ಓಡಿದ ಮೇಲೆ ಅಣ್ಣ ಅದರ ಫಿಲ್ಟರ್ ಬಿಚ್ಚುತ್ತಾನೆ. ಆದರೆ ಬಿಸಾಡುವುದಿಲ್ಲ. ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಮಡಿಕೆ ಕಾಗದವನ್ನು ತೆಗೆದು, ಎಣ್ಣೆ ಹಿಂಡಿ, ನ್ಯೂಸ್‌ಪೇಪರಿನ ಮೇಲೆ ಹಪ್ಪಳದ ಹಾಗೆ ಬಿಸಿಲಿಗೆ ಹರಡುತ್ತಾನೆ. ಎಂಜಿನ್ ಒಳಗೆ ಏನು ಸವೆಯುತ್ತಿದ್ದರೂ ಅದರ ಪುಡಿ ಆ ಮಡಿಕೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಸಲ ಸಹಾಯ ಮಾಡಲು ಹೋಗಿ ನಾನು ಗರಗಸ ಎತ್ತಿಕೊಂಡಿದ್ದೆ. "ಲೋ ಲೋ, ಗರಗಸ ಮುಟ್ಬೇಡ" ಎಂದು ಕಿತ್ತುಕೊಂಡ. "ಗರಗಸದ ಪುಡೀನೂ ಎಂಜಿನ್ ಪುಡೀನೂ ಬೆರೆತ್‌ಹೋದ್ರೆ ಆಮೇಲೆ ಯಾರ್ ಮೇಲೆ ತಪ್ಪು ಹೊರಿಸ್ತೀಯ?" ಅವನ ಹತ್ತಿರ ಡಬ್ಬಿಯ ಸುತ್ತ ತಿರುಗಿಸಿ ಕತ್ತರಿಸುವ ಕಟ್ಟರ್ ಒಂದಿದೆ. ಅದರಲ್ಲಿ ಪುಡಿ ಉದುರುವುದಿಲ್ಲ.

ಅಪ್ಪ ಸಿಟಿ ಬಸ್ಸಿನ ಡ್ರೈವರಾಗಿದ್ದವರು. ರಿಟೈರಾದ ಮೇಲೆ ಭಾನುವಾರವೆಂದರೆ ಅಣ್ಣನ ಗ್ಯಾರೇಜು, ಅಲ್ಲಿನ ಪ್ಲಾಸ್ಟಿಕ್ ಕುರ್ಚಿ. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಕಾಗದ ನೋಡುವುದನ್ನು ನೀವು ನೋಡಬೇಕಿತ್ತು. ನನ್ನ ಮಾರ್ಕ್ಸ್ ಕಾರ್ಡನ್ನು ಅಪ್ಪ ಯಾವತ್ತೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದಿಲ್ಲ. ಈ ಕೊಳಕು ಕಾಗದಕ್ಕೆ ಅರ್ಧ ಗಂಟೆ.

"ಇದು ಮೊದಲ್ನೇ ಫಿಲ್ಟರ್ ಕಣಪ್ಪ" ಎಂದು ಅಣ್ಣ ಹೇಳುವನು. "ಸ್ವಲ್ಪ ಮಿಣಿಮಿಣಿ ಇದ್ದೇ ಇರತ್ತೆ. ಹೊಸಾ ಬಾಡಿಗೆಯೋರು ಬಂದು ಸಾಮಾನು ಎಳೆದಾಡ್ದಂಗೆ. ಎರಡನೇದ್ರಲ್ಲಿ ಸದ್ದಿರಬಾರ್ದು, ಅಷ್ಟೇ."

"ಇವನ ಕಣ್ಣು ನೋಡೋ, ಡಾಕ್ಟ್ರಾಗ್ಬೇಕಿತ್ತು" ಎನ್ನುವರು ಅಪ್ಪ ನನ್ನ ಕಡೆ ತಿರುಗಿ. "ನಿಮ್ ಕಾಲೇಜಲ್ಲಿ ಇದೆಲ್ಲ ಹೇಳ್ಕೊಡಲ್ವಾ?"

"ಇಲ್ಲಪ್ಪ."

"ಮತ್ತೆ ನಾಲ್ಕು ವರ್ಷ ಏನ್ ಮಾಡಿದ್ರೋ?"

ಅಣ್ಣ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ನನ್ನ ಹೊಟ್ಟೆಯೊಳಗೆ ಒಂದು ಸ್ಟವ್ ಚಿಕ್ಕಂದಿನಿಂದಲೂ ಸಿಮ್ಮಿನಲ್ಲಿ ಉರಿಯುತ್ತಲೇ ಇತ್ತು. ಯಾರೂ ಅದನ್ನು ಆರಿಸಿರಲಿಲ್ಲ, ಯಾರಿಗೂ ಗೊತ್ತಿರಲೂ ಇಲ್ಲ.

ಅಪ್ಪನ ಹಳೆಯ ವ್ಯಾನಿನ ಎಂಜಿನ್ನನ್ನು ಅಣ್ಣನೇ ಕಟ್ಟಿಕೊಟ್ಟಿದ್ದ. ಮೊದಲ ಫಿಲ್ಟರ್ ಸರಿಯಿತ್ತು. ಎರಡನೆಯದರ ಹೊತ್ತಿಗೆ ಅವನು ಅತ್ತಿಗೆಯ ಕಡೆಯ ಮದುವೆಗೆಂದು ಹಾಸನಕ್ಕೆ ಹೋಗಿದ್ದ. ಅಲ್ಲಿಂದಲೇ ನನಗೆ ಫೋನ್ ಮಾಡಿ, "ಆಯಿಲ್, ಫಿಲ್ಟರ್ ನೀನೇ ಬದಲಾಯ್ಸು. ಬಿಚ್ಚಿದ್ದನ್ನ ಎತ್ತಿಡು. ನಾನ್ ಬಂದು ನೋಡೋವರ್ಗೂ ಗಾಡಿ ತೆಗಿಬೇಡಿ" ಎಂದ. ಶನಿವಾರ ಅಪ್ಪನ ಗೆಳೆಯರೊಬ್ಬರದು ಬಿಟಿಎಂ ಲೇಔಟಿನಲ್ಲಿ ಗೃಹಪ್ರವೇಶ. ಅಪ್ಪನೇ ಹೇಳಿದರು: "ಅವ್ನು ಬಂದು ನೋಡ್ಲಿ ಬಿಡು. ಬಸ್ಸಲ್ಲೇ ಹೋಗೋಣ."

ಆ ಒಂದು ಮಾತಿಗೆ ಸ್ಟವ್ ಭಗ್ಗೆಂದಿತು.

"ಯಾಕೆ, ನಂಗೆ ನೋಡಕ್ ಬರಲ್ವಾ?"

ಗ್ಯಾರೇಜಿನಿಂದ ಕಟ್ಟರ್ ತಂದು ಶುಕ್ರವಾರ ಸಂಜೆಯೇ ಡಬ್ಬಿ ಕತ್ತರಿಸಿ ಕಾಗದ ಹರಡಿಟ್ಟಿದ್ದೆ. ಶನಿವಾರ ಏಳು ಹತ್ತಕ್ಕೆ ಅಯಸ್ಕಾಂತ ಆಡಿಸಿದೆ. ಏನೂ ಅಂಟಲಿಲ್ಲ. ಆದರೆ ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಮಡಿಕೆಗಳ ನಡುವೆ ಹಳೆಯ ಸೀರೆಯಿಂದ ಜರಿ ಉದುರಿದ ಹಾಗೆ ಹೊನ್ನಿನ ಚುಕ್ಕಿಗಳು ಕಂಡವು. ಕಾಣಲಿಲ್ಲ ಎಂದು ಹೇಳಲಾರೆ. ಕಂಡವು. ಎಂಜಿನ್ ಎಂದರೆ ಕಬ್ಬಿಣ, ಕಬ್ಬಿಣವೆಂದರೆ ಅಯಸ್ಕಾಂತಕ್ಕೆ ಅಂಟಬೇಕು, ಅಂಟದಿದ್ದದ್ದು ಎಂಜಿನ್ನಿನದಲ್ಲ ಎಂದು ಫಸ್ಟ್ ಕ್ಲಾಸ್ ಪದವೀಧರನ ತಲೆ ತರ್ಕ ಮಾಡಿತು. ಆದರೆ ಬೇರಿಂಗಿನ ಮೇಲ್ಪದರ ಸವೆದರೆ ಕೆಳಗಿನ ತಾಮ್ರ ಏಳುತ್ತದೆ, ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇದನ್ನು ಪರೀಕ್ಷೆಯಲ್ಲಿ ಬರೆದು ನಾನು ಅಂಕ ಕೂಡ ತೆಗೆದುಕೊಂಡಿದ್ದೆ.

"ಏನೂ ಇಲ್ಲಪ್ಪ, ಕ್ಲೀನಾಗಿದೆ" ಎಂದೆ.

"ನೀನೇ ನೋಡಿದ್ಯೇನೋ? ಪರ್ವಾಗಿಲ್ವೇ!"

ಆ 'ಪರ್ವಾಗಿಲ್ವೇ'ಗೆ ನಾನು ಮೂವತ್ತು ವರ್ಷ ಕಾದಿದ್ದೆ. ಅದನ್ನು ನಾಲ್ಕು ಗಂಟೆ ಅನುಭವಿಸಿದೆ.

ಬಸ್ಸು ಬಿಟ್ಟು ವ್ಯಾನಿನಲ್ಲೇ ಹೊರಟೆವು, ಅಪ್ಪನೇ ಓಡಿಸಿದರು. ಜೆ.ಪಿ. ನಗರ ದಾಟುವಾಗ ಎಂಜಿನ್ ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಸದ್ದು ಬಂತು. ಅಪ್ಪ "ಇದೇನೋ ಇದು" ಎನ್ನುವಷ್ಟರಲ್ಲಿ ಚಕ್ರಗಳು ಕಚ್ಚಿಕೊಂಡವು. ಅಪ್ಪನ ಹಣೆ ಸ್ಟಿಯರಿಂಗಿಗೆ ಬಡಿಯಿತು. ಪಕ್ಕದ ಸೀಟಿನಲ್ಲಿದ್ದ ನಾನು ಹಿಂದೆ ತಿರುಗಿದೆ. ಹಿಂದಿನ ಗಾಜಿನ ತುಂಬ ನೀರಿನ ಟ್ಯಾಂಕರಿನ ಬಂಪರು. ರಕ್ತ ಸುರಿಯುತ್ತಿದ್ದರೂ ಅಪ್ಪ ಕ್ಲಚ್ ಒತ್ತಿ ಚಕ್ರ ಬಿಡಿಸಿಕೊಂಡು ಎಡಕ್ಕೆ ಎಳೆದರು. ಟ್ಯಾಂಕರು ನಮ್ಮ ಬಲಗನ್ನಡಿಯನ್ನು ಕಿತ್ತುಕೊಂಡು ಹೋಯಿತು, ಅಷ್ಟೇ. "ಯಜಮಾನ್ರೇ, ಪುಣ್ಯ ಮಾಡಿದೀರಾ" ಎಂದ ಆಟೋದವನೊಬ್ಬ. ನಾನು ಸೀಟು ಹಿಡಿದುಕೊಂಡು ಕೂತೇ ಇದ್ದೆ. ಎಪ್ಪತ್ತು ವರ್ಷದ ಅಪ್ಪನೇ ಬಾಗಿಲು ತೆಗೆದು ನನ್ನನ್ನು ಇಳಿಸಿಕೊಂಡರು.

ಅಣ್ಣ ಅಂದೇ ಓಡಿ ಬಂದ. ಎಂಜಿನ್ ಬಿಚ್ಚಿದ. ಬೇರಿಂಗು ಸುಟ್ಟು ಹೋಗಿತ್ತು. "ಫಿಲ್ಟರ್ ಎಲ್ಲಿ?" ಎಂದ.

"ನೋಡಿದ್ನಲ್ಲ, ಕ್ಲೀನಿತ್ತು. ಕಸದ ಗಾಡಿಗೆ ಹಾಕ್ದೆ."

ಅದು ತಾರಸಿಯ ನೀರಿನ ಟ್ಯಾಂಕಿನ ಹಿಂದೆ, ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು ಇತ್ತು. ಮೂರು ಹೊಲಿಗೆ ಬಿದ್ದ ಹಣೆಯನ್ನು ಮುಟ್ಟಿಕೊಳ್ಳುತ್ತ ಅಪ್ಪ, "ಏನ್ ಕಟ್ಟಿದ್ಯೋ ನೀನು" ಎಂದು ಅಣ್ಣನಿಗೆ ಹೇಳಿದರು. ಆಮೇಲಿನ ಭಾನುವಾರಗಳಲ್ಲಿ ಅವರು ಗ್ಯಾರೇಜಿಗೆ ಹೋಗಲಿಲ್ಲ. ನನ್ನ ಪಕ್ಕ ಕೂತು ಟೀವಿ ನೋಡಿದರು. ನಾನು ಬಯಸಿದ್ದು ಕೈಗೆ ಬಂದಿತ್ತು. ನಿದ್ದೆ ಮಾತ್ರ ಹೋಯಿತು. ಕಣ್ಣು ಮುಚ್ಚಿದರೆ ಬಂಪರು, ತೆರೆದರೆ ಹೊನ್ನಿನ ಚುಕ್ಕಿ.

ತಿಂಗಳು ಕಳೆದ ಮೇಲೆ ಅಣ್ಣನ ಗ್ಯಾರೇಜಿಗೆ ಏನೋ ಕೊಡಲು ಹೋಗಿದ್ದೆ. ಗಿರಾಕಿಯೊಬ್ಬರಿಗೆ ಅವನು ಹೇಳುತ್ತಿದ್ದ: "ಎಂಜಿನ್ ಕೆಲ್ಸ ಬೇಡ ಸಾರ್, ಬೇರೆ ಕಡೆ ಕೊಡಿ. ಬ್ರೇಕ್, ಕ್ಲಚ್ ಏನಿದ್ರೂ ಮಾಡ್ಕೊಡ್ತೀನಿ. ನಾನ್ ಕಟ್ಟಿದ್ ಎಂಜಿನ್ ನಂಬಿ ಗಾಡಿ ಓಡ್ಸಿ ಅನ್ನಕ್ಕೆ ಧೈರ್ಯ ಇಲ್ಲ." ನಾನು ಬಾಗಿಲಿನಿಂದಲೇ ಹಿಂದಿರುಗಿದೆ. ಮಾರನೆಯ ದಿನ ಆ ಪೊಟ್ಟಣ ತಂದು ಅವನ ಮುಂದೆ ಬಿಚ್ಚಿದೆ.

ಅಣ್ಣ ಕಾಗದವನ್ನು ಬಿಸಿಲಿಗೆ ಓರೆ ಹಿಡಿದ. ಒಂದು ಚುಕ್ಕಿಯನ್ನು ಉಗುರಿನ ಮೇಲೆ ತೆಗೆದುಕೊಂಡು ಉಜ್ಜಿದ.

"ಬೇರಿಂಗ್ ಹೋಗಿದ್ದು ನನ್ ಕೈಲೇ ಕಣೋ. ಎಣ್ಣೆ ದಾರಿ ಸರ್ಯಾಗಿ ತೊಳ್ದಿಲ್ಲ ಅನ್ಸತ್ತೆ. ಆದ್ರೆ ಇದು ಕೂಗ್ಕೊಂಡು ಹೇಳ್ತಿತ್ತಲ್ಲೋ. ಅಪ್ಪನ ಕೈಲಿ ಅದೇ ಗಾಡಿ ಓಡಿಸ್ಬಿಟ್ಯಲ್ಲೋ." ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ಅಪ್ಪಂಗೆ ನೀನೇ ಹೇಳು" ಎಂದ.

ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಬಸ್ಸಲ್ಲಿ ಹೋಗೋಣ ಅಂದಿದ್ನಲ್ಲ?" ಆಮೇಲೆ ವಾರಗಟ್ಟಲೆ ನನ್ನೊಡನೆ ಮಾತಿಲ್ಲ. ತಪ್ಪು ಒಪ್ಪಿಕೊಂಡರೆ ನಿದ್ದೆ ಬರುತ್ತದೆ ಎನ್ನುವುದನ್ನು ನಂಬಬೇಡಿ. ನನಗೆ ಬರಲಿಲ್ಲ.

ನಿನ್ನೆ ಭಾನುವಾರ ಅಣ್ಣ ಫೋನ್ ಮಾಡಿ "ಬಾ ಇಲ್ಲಿ" ಎಂದ. ವ್ಯಾನಿನ ಎಂಜಿನ್ನನ್ನು ಮತ್ತೆ ಕಟ್ಟಿದ್ದ. ಅದರ ಮೊದಲ ಫಿಲ್ಟರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ. ಅಣ್ಣ ಕಟ್ಟರನ್ನು ನನ್ನ ಕೈಗಿಟ್ಟು, "ಇವತ್ತು ನೀನ್ ನೋಡು, ನಾನ್ ಬಾಯಿ ಬಿಡಲ್ಲ" ಎಂದ.

ಅಯಸ್ಕಾಂತವನ್ನು ಜೇಬಿನಲ್ಲೇ ಇಟ್ಟುಕೊಂಡು ಮೊದಲು ಬಿಸಿಲಿಗೆ ಹಿಡಿದೆ. ಒಂದೊಂದೇ ಮಡಿಕೆ ಬಿಡಿಸಿದೆ. ಬೂದು ಮಿಣುಕು ಸ್ವಲ್ಪ. ಆಮೇಲೆ ಅಯಸ್ಕಾಂತ ಆಡಿಸಿದಾಗ ಕೂದಲೆಳೆಯಂಥ ಕಬ್ಬಿಣದ ಚೂರು ಎರಡು. ಹೊನ್ನಿನ ಬಣ್ಣ ಎಲ್ಲೂ ಇಲ್ಲ. ಎರಡನೆಯ ಸಲವೂ ನೋಡಿದೆ.

"ಹೊಸಾ ಬಾಡಿಗೆಯೋರು. ಸಾಮಾನು ಎಳೀತಿದಾರೆ" ಎಂದೆ.

ಅಪ್ಪ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನೇರವಾಗಿ ಅಣ್ಣನ ಮುಂದೆ ಹಿಡಿದರು. "ಇವ್ನು ಹೇಳಿದ್ದು ಸರೀನಾ?"

"ಸರಿ ಇದೆ ಕಣಪ್ಪ."

ಹೊಟ್ಟೆಯ ಆ ಸ್ಟವ್ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯಿತು. ಆದರೆ ಅವತ್ತು ತಾರಸಿಯಲ್ಲಿ ಈ ಪ್ರಶ್ನೆ ಕೇಳುವವರೊಬ್ಬರು ಇದ್ದಿದ್ದರೆ ಅಪ್ಪನ ಹಣೆಯ ಮೇಲೆ ಆ ಗೆರೆ ಇರುತ್ತಿರಲಿಲ್ಲ. ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಸರಿದು, ನನ್ನನ್ನು ನೋಡದೆಯೇ, "ನೆರಳಿಗೆ ಬಾರೋ, ತಲೆ ಸುಡತ್ತೆ" ಎಂದರು. ವಾರಗಳ ಮೇಲೆ ಬಂದ ಮೊದಲ ಮಾತು.

ರಾತ್ರಿ ಊಟ ಮಾಡಿ ಮಲಗಿದ್ದಷ್ಟೇ ನೆನಪು. ಇವತ್ತು ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಮೇಲಿತ್ತು. ಗಡಿಯಾರ ನೋಡಿದೆ. ಏಳು ಹತ್ತು ಆಗಲೇ ದಾಟಿ ಹೋಗಿತ್ತು.