ತೊಳೆಯಬಾರದ ಗಾಡಿ

ಆ ಬೀದಿಯಲ್ಲಿ ಎಲ್ಲರೂ ಅವರನ್ನು ಗೇರಣ್ಣ ಎಂದೇ ಕರೆಯುತ್ತಾರೆ. ಅವರ ಹಳೆಯ ನೀಲಿ ವ್ಯಾನಿನ ಮೂರನೆಯ ಗೇರು ಬೇರೆ ಯಾರ ಕೈಗೂ ಬಗ್ಗುವುದಿಲ್ಲ. ಕೋಲನ್ನು ಮೊದಲು ತಮ್ಮ ಕಡೆಗೆ ಕೊಂಚ ಎಳೆದು, ಉಸಿರೆಳೆದುಕೊಳ್ಳುವಷ್ಟು ಹೊತ್ತು ಕಾದು, ಆಮೇಲೆ ತಳ್ಳಬೇಕು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವರ ಕಸುಬು. ಬೀರು, ಮಂಚ, ಹೂಕುಂಡ, ಒಮ್ಮೆ ಬಾಗಿಲಿಗೆ ಹಿಡಿಸದೆ ಮೂರನೆಯ ಮಹಡಿಯ ಕಿಟಕಿಯಿಂದ ಇಳಿಸಿದ ಪಿಯಾನೊ, ಎಲ್ಲವೂ ಆ ವ್ಯಾನಿನಲ್ಲಿ ಹೋಗಿವೆ.

ಚಾಲಕರ ಬದುಕಿನ ಕಥನಗಳನ್ನು ಸಂಗ್ರಹಿಸುತ್ತಿದ್ದಾಗ ನನಗೆ ಅವರ ಪರಿಚಯವಾಯಿತು. ಮಾತುಕತೆ ನಡೆದದ್ದು ಅವರ ಮನೆಯ ಮುಂದಿನ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರವಿದೆ. ಯಂತ್ರದ ಎದುರಿನ ಕಿಟಕಿಯಿಂದ ಅಂಗಳದಲ್ಲಿ ನಿಂತ ವ್ಯಾನು ಕಾಣುತ್ತದೆ. ಕಾಣುತ್ತದೆ ಎನ್ನುವುದಕ್ಕಿಂತ, ಟಾರ್ಪಾಲು ಹೊದ್ದ ಒಂದು ಗುಡ್ಡೆ ಕಾಣುತ್ತದೆ.

ಮುಂಬರುವ ಕಾಲದ ಕಥೆ ಹೇಳುವ ಚಿತ್ರಗಳೆಂದರೆ ಗೇರಣ್ಣನವರಿಗೆ ಮೊದಲಿನಿಂದಲೂ ಆಸೆ. ಬಾಡಿಗೆಗೆ ಕಾಯುತ್ತ ವ್ಯಾನಿನೊಳಗೆ ಕುಳಿತು ಫೋನಿನಲ್ಲಿ ನೋಡುತ್ತಿದ್ದರು.

“ಎಂಥ ಕಾಲ ತೋರಿಸಿದ್ರೂ ಅದರಲ್ಲಿ ಒಬ್ಬ ಡ್ರೈವರ್ ಇರ್ತಾನೆ ಸರ್. ಗಾಡಿ ಆಕಾಶಕ್ಕೇ ಹಾರಲಿ, ಒಬ್ಬ ಹಿಡ್ಕೊಂಡು ಕೂತಿರ್ತಾನೆ. ಅದು ನೋಡಿದ್ರೆ ಒಂಥರಾ ಧೈರ್ಯ.”

“ಹಾರೋ ಗಾಡಿ ನೋಡ್ತಾ ನೋಡ್ತಾ ಎರಡು ಬಾಡಿಗೆ ಹಾರಿಸಿದ್ರು,” ಎಂದರು ಹೆಂಡತಿ, ಬಟ್ಟೆಯಿಂದ ತಲೆ ಎತ್ತದೆ.

ಹೀಗಿರುವಾಗ ಒಂದು ಚಿತ್ರತಂಡ ಹಳೆಯ ವ್ಯಾನು ಹುಡುಕಿಕೊಂಡು ಬಂತು. ಅವರ ಕಥೆಯ ಪ್ರಕಾರ ಊರಿನ ವಾಹನಗಳೆಲ್ಲ ತಾವೇ ಯೋಚಿಸಿ ತಾವೇ ಓಡುತ್ತವೆ. ಗಾಡಿ ಓಡಿಸಲು ಬಲ್ಲವನು ಒಬ್ಬನೇ ಉಳಿದಿದ್ದಾನೆ. ಮುಚ್ಚಿದ ಬಡಾವಣೆಯೊಂದರಲ್ಲಿ ಹೆಂಗಸೊಬ್ಬಳು ಹೆರಿಗೆ ನೋವು ತಿನ್ನುತ್ತಿದ್ದಾಳೆ. ಆ ದಾರಿಗೆ ಹೋಗಬಾರದೆಂದು ವಾಹನಗಳಿಗೆ ಕಟ್ಟಪ್ಪಣೆಯಿರುವುದರಿಂದ ಯಾವುದೂ ಕದಲುವುದಿಲ್ಲ. ಆಗ ಆ ಒಬ್ಬ ಚಾಲಕ ಬಚ್ಚಿಟ್ಟಿದ್ದ ವ್ಯಾನು ತೆಗೆದು, ಬಡಾವಣೆಯ ಗೇಟನ್ನು ಗುದ್ದಿ ಒಡೆದು ಒಳನುಗ್ಗುತ್ತಾನೆ.

ಗೇರಣ್ಣ ಒಪ್ಪಿದರು. ತಂಡದವರು ವ್ಯಾನಿನ ಹಿಂಭಾಗವನ್ನು, ಅಂದರೆ ಸಾಮಾನು ತುಂಬುವ, ಚಾಲಕರು ಬಾಡಿ ಎನ್ನುವ ಭಾಗವನ್ನು ಬಿಚ್ಚಿ ತಮ್ಮ ಗೋದಾಮಿಗೆ ಒಯ್ದರು. ಅದರ ಜಾಗದಲ್ಲಿ ಆಮೆಯ ಬೆನ್ನಿನಂತೆ ಬಾಗಿದ ತಗಡು ಕೂಡಿಸಿ, ಕೊಳವೆಗಳನ್ನು ಸುತ್ತಿ, ಬೂದುಬಣ್ಣ ಬಳಿದರು. ಚಿತ್ರೀಕರಣ ಮುಗಿದ ಮೇಲೆ ಬಾಡಿಯನ್ನು ಮತ್ತೆ ಜೋಡಿಸಿ ಮೊದಲಿನಂತೆ ಮಾಡಿಕೊಡುವುದಾಗಿ ಮಾತಾಯಿತು.

ನಾಯಕನಿಗೆ ಮೂರನೆಯ ಗೇರು ಬೀಳಲಿಲ್ಲ. ಹಾಗಾಗಿ ಗೇಟು ಒಡೆಯುವ ದೃಶ್ಯದಲ್ಲಿ ನಾಯಕನ ಕೋಟು ತೊಟ್ಟು ವ್ಯಾನು ಓಡಿಸಿದವರು ಗೇರಣ್ಣನೇ. ಕ್ಯಾಮೆರಾ ಅವರ ಬೆನ್ನ ಹಿಂದಿತ್ತು.

“ಒಂದೇ ಏಟಿಗೆ ಗೇಟು ಎರಡಾಯ್ತು ಸರ್. ಎಲ್ಲಾ ಎದ್ದು ಚಪ್ಪಾಳೆ ಹೊಡೆದ್ರು. ನನಗಂತೂ ಯಾರೂ ಯಾವತ್ತೂ ಹಾಗೆ ಹೊಡೆದಿರಲಿಲ್ಲ.”

ಗೇಟಿನ ಆಚೆಗೆ ವ್ಯಾನು ಹೊರಬರುವ ಭಾಗವನ್ನು ಬೇರೆ ಕಡೆ, ಬೇರೆ ದಿನ ತೆಗೆಯಬೇಕಿತ್ತು. ಅಷ್ಟರಲ್ಲಿ ಬಂಡವಾಳ ಹೂಡಿದವರು ಕೈಯೆತ್ತಿದರು. ವ್ಯಾನನ್ನು ಅಂಗಳಕ್ಕೆ ತಂದು ಬಿಟ್ಟ ದಿನ, ದೃಶ್ಯದಿಂದ ದೃಶ್ಯಕ್ಕೆ ಏನೂ ಬದಲಾಗದಂತೆ ನೋಡಿಕೊಳ್ಳುವ ಕೆಲಸದ ಹೆಂಗಸೊಬ್ಬರು ಜೊತೆಗೆ ಬಂದಿದ್ದರು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಅವರು ಗೇಟಿಗೆ ಗುದ್ದಿ ವ್ಯಾನಿನ ಎಡಗೆನ್ನೆಗೆ ಬಿದ್ದ ತಗ್ಗನ್ನೂ ಅದರ ಮೇಲೆ ಮೆತ್ತಿದ ಕೆಸರನ್ನೂ ಹತ್ತಾರು ಬಾರಿ ಕ್ಲಿಕ್ಕಿಸಿದರು.

“ಅಣ್ಣ, ಇದನ್ನ ತೊಳೀಬೇಡಿ. ತಗ್ಗು ಎತ್ತಿಸಬೇಡಿ. ಆ ಕಡೆ ಗೇಟು ಒಡೆದು ಈ ಕಡೆ ಫಳಫಳ ಅಂತ ಬಂದ್ರೆ ಜನ ನಗ್ತಾರೆ.”

“ಆಯ್ತಮ್ಮ.”

“ನಿಮ್ಮ ಕೂದಲೂ ಹಾಗೇ ಇರಲಿ. ಹಿಂದಿನಿಂದ ಕಾಣ್ತೀರಲ್ಲ.”

ಗೇರಣ್ಣ ಅದಕ್ಕೂ ತಲೆಯಾಡಿಸಿದರು. ಬಾಡಿಯಿಲ್ಲದೆ ವ್ಯಾನು ಸಾಮಾನು ಹೊರಲಾರದು. ಬಾಡಿ ಅವರ ಗೋದಾಮಿನಲ್ಲಿದೆ. ಅವರು ಹೇಳಿದಂತೆ ಕೇಳಿದರೆ ಮಾತ್ರ ಅದು ಹಿಂದಕ್ಕೆ ಬರುತ್ತದೆ. ಗೋದಾಮಿಗೆ ಹೋದಾಗಲೆಲ್ಲ ಕಾವಲುಗಾರ ಬೀಗ ತೋರಿಸುತ್ತಿದ್ದ; ಕೀಲಿ ಕಂಪನಿಯವರ ಹತ್ತಿರವಿದೆ ಎನ್ನುತ್ತಿದ್ದ. ಕಂಪನಿಯವರು ‘ಇನ್ನೇನು ಶುರುವಾಗುತ್ತೆ’ ಎನ್ನುತ್ತಿದ್ದರು.

ಎರಡು ಮಳೆಗಾಲ ಕಳೆದವು. ಮಳೆಗೆ ಕೆಸರು ತೊಳೆದುಹೋಗದಿರಲೆಂದು ಗೇರಣ್ಣ ಟಾರ್ಪಾಲು ತಂದರು. ಅದು ಉಜ್ಜಿ ಕೆಸರು ಉದುರದಿರಲೆಂದು ತಗ್ಗಿನ ಸುತ್ತ ಹಳೆಯ ದಿಂಬುಗಳನ್ನು ಕಟ್ಟಿದರು. ಕೂದಲು ಭುಜಕ್ಕಿಳಿಯಿತು. ಹಾಗೇ ಇರಲಿ ಎಂದರೆ ಬೆಳೆಯಬಾರದು ಎಂದೋ ಕತ್ತರಿಸಬಾರದು ಎಂದೋ ತಿಳಿಯದೆ, ಕತ್ತರಿಸದಿರುವುದೇ ಕ್ಷೇಮವೆಂದು ಬಿಟ್ಟರು. ಹೊಟ್ಟೆಪಾಡಿಗೆ ಬೇರೆಯವರ ವ್ಯಾನಿಗೆ ಬದಲಿ ಚಾಲಕರಾಗಿ ಹೋಗತೊಡಗಿದರು.

“ಭಾವಾ, ಗಾಡಿಗೆ ದಿಂಬು, ನಿಮಗೆ ಜಡೆ. ಇನ್ನು ಹೂ ಒಂದು ಬಾಕಿ,” ಎನ್ನುತ್ತಿದ್ದನಂತೆ ಹೆಂಡತಿಯ ತಮ್ಮ.

“ನಗಪ್ಪ, ನಗು. ಬಾಡಿ ಬರಲಿ, ಮೊದಲನೇ ಬಾಡಿಗೆ ನಿಂದೇ ಸಾಮಾನು, ನಮ್ಮ ಬೀದಿಯಿಂದ ಆಚೆಗೆ.”

ಕಳೆದ ಚಳಿಗಾಲದಲ್ಲಿ ಕ್ಯಾಮೆರಾ ಹೆಂಗಸು ಮತ್ತೆ ಬಂದರು. ಅವರೀಗ ಆ ಕಂಪನಿಯಲ್ಲಿಲ್ಲ. ಆದರೂ ಹೇಳಿಹೋಗಬೇಕು ಅನ್ನಿಸಿತಂತೆ. ಚಿತ್ರವನ್ನು ಬೇರೊಬ್ಬರು ಕೊಂಡಿದ್ದರು. ಉಳಿದ ದೃಶ್ಯಗಳಿಗೆ ವ್ಯಾನು ಬೇಕಿರಲಿಲ್ಲ, ಓಡಿಸುವವರೂ ಬೇಕಿರಲಿಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡುತ್ತಿದ್ದರು.

“ಹಾಗಾದ್ರೆ ನನ್ನ ಬಾಡಿ?” ಎಂದರು ಗೇರಣ್ಣ.

“ಗೋದಾಮು ಖಾಲಿ ಮಾಡಿದ್ರಂತೆ ಅಣ್ಣ. ಅಲ್ಲಿ ಬಾಡಿ ಇರಲೇ ಇಲ್ಲ ಅಂತಾರೆ. ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ. ನಾನು ಹಳೇ ಫೋಟೋ ಎಲ್ಲ ತಂದಿದೀನಿ, ಎಲ್ಲಾದ್ರೂ ಕಂಡ್ರೆ ಹೇಳಿ.”

ಮೂವರೂ ಹೊಲಿಗೆ ಯಂತ್ರದ ಮುಂದೆ ಕುಳಿತು ಫೋನಿನಲ್ಲಿ ನೋಡಿದರು. ಕೊನೆಗೆ ಗೇಟಿನ ಚಿತ್ರ ಬಂತು: ಒಡೆಯುವ ಮೊದಲು, ಹಿಂದಿನ ಮಗ್ಗುಲಿನಿಂದ ತೆಗೆದದ್ದು. ಮುಂದಿನ ಮಗ್ಗುಲಿಗೆ ಬೂದುಬಣ್ಣವಿತ್ತು. ಹಿಂದಕ್ಕೆ ಬಣ್ಣ ಬಳಿದಿರಲಿಲ್ಲ. ಹೆಂಡತಿ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ನೀಲಿ ತಗಡು, ಅದರ ಅಂಚಿನಲ್ಲಿ ಹಗ್ಗ ಕಟ್ಟುವ ಕೊಕ್ಕೆಗಳ ಸಾಲು, ನಡುವೆ ಒಂದು ಸೊಟ್ಟ ಕೊಕ್ಕೆ.

“ರೀ, ಇದು ಪಿಯಾನೊ ಇಳಿಸಿದಾಗ ಬಗ್ಗಿದ್ದಲ್ವಾ?”

ಗೇರಣ್ಣ ಫೋನು ಕೈಗೆ ತೆಗೆದುಕೊಂಡು ಆ ಕೊಕ್ಕೆಯನ್ನು ಇನ್ನೂ ಹಿಗ್ಗಿಸಿ ನೋಡಿದರು.

“ಸೆಟ್ಟು ಕಟ್ಟೋರು ಗೇಟು ಮಾಡೋಕೆ ಗೋದಾಮಲ್ಲಿ ಸಿಕ್ಕಿದ ಕಬ್ಬಿಣ ತಗೊಂಡ್ರು ಅನ್ಸುತ್ತೆ,” ಎಂದರು ಕ್ಯಾಮೆರಾ ಹೆಂಗಸು ಮೆಲ್ಲಗೆ. “ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ ಅಣ್ಣ.”

“ಆಮೇಲೆ ಏನು ಮಾಡಿದ್ರು ಆ ಗೇಟ್ನ?”

“ಗುಜರಿಗೆ ಹಾಕಿದ್ರು.”

“ನಾನೇ ಅಲ್ವಾ ಒಡೆದಿದ್ದು,” ಎಂದರು ಗೇರಣ್ಣ. “ಮೂರನೇ ಗೇರಲ್ಲಿ.”

ದೂರಲು ಯಾರೂ ಸಿಗಲಿಲ್ಲ. ಹಳೆಯ ಕಂಪನಿ ಬಾಗಿಲು ಹಾಕಿತ್ತು. ಹೊಸಬರು ತಾವು ಕೊಂಡದ್ದು ಚಿತ್ರವನ್ನು, ಗೇಟನ್ನಲ್ಲ ಎಂದರು. ಹೊರಡುವಾಗ ಆಕೆ ಅಂಗಳದಲ್ಲಿ ನಿಂತು, “ಇನ್ಮೇಲೆ ತೊಳೀಬಹುದು ಅಣ್ಣ,” ಎಂದಿದ್ದರಂತೆ.

ಗೇರಣ್ಣ ಮರುದಿನ ಕೂದಲು ಕತ್ತರಿಸಿಕೊಂಡರು. ವ್ಯಾನು ಮಾತ್ರ ಹಾಗೆಯೇ ಇದೆ. ಮಾತುಕತೆ ಮುಗಿದ ಸಂಜೆ ಅವರು ಟಾರ್ಪಾಲು ಸರಿಸಿ ತೋರಿಸಿದರು. ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಆದರೆ ಉದುರಿರಲಿಲ್ಲ. ಮೋಡ ಕವಿಯುತ್ತಿತ್ತು.

“ತೊಳೆದ್ರೆ ಏನು ಬಂತು ಸರ್, ನನ್ನ ಬಾಡಿದು ಅಂತ ಉಳಿದಿರೋದು ಈ ತಗ್ಗೊಂದೇ,” ಎನ್ನುತ್ತ ಅವರು ದಿಂಬುಗಳನ್ನು ತಗ್ಗಿನ ಸುತ್ತ ಮತ್ತೆ ಒಂದೊಂದಾಗಿ ಕಟ್ಟತೊಡಗಿದರು. ಹೆಂಡತಿ ಒಳಗಿನಿಂದ ಬಂದು ಟಾರ್ಪಾಲಿನ ಇನ್ನೊಂದು ತುದಿ ಹಿಡಿದುಕೊಂಡರು.