ಪ್ರತಿ ಪೂಜೆಯ ನಂತರ ಬಂದ ಕೆಮ್ಮು

ಕೋವಿಡ್ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ. ತ್ಯಾಗರಾಜನಗರದ ನಮ್ಮ ಮನೆಯ ಹಾಲಿನಲ್ಲಿ ಸಂಜೆ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತಿದ್ದೆ. ಮಹಡಿ ಮನೆಯ ಗಿರಿಜಾಳ ಮಗಳು, ಎಂಟು ವರ್ಷದ ಸಿರಿ, ಡಿಕ್ಟೇಷನ್ ನಡುವೆ ಒಮ್ಮೆ ಪೆನ್ಸಿಲ್ ಕೆಳಗಿಟ್ಟಳು.

"ಆಂಟಿ, ನನ್ನೊಳಗೆ ಯಾರೋ ಪೇಪರ್ ಮುದುರ್ತಿದಾರೆ. ಕೇಳ್ಸುತ್ತಾ?"

ಫ್ಯಾನ್ ಆರಿಸಿ ಅವಳ ಬೆನ್ನಿಗೆ ಕಿವಿಯಿಟ್ಟೆ. ನಿಜಕ್ಕೂ ಸಣ್ಣಗೆ ಚರಚರ ಸದ್ದು. ಆಮೇಲೆ ಕೆಮ್ಮಿದಳು, ಬಿಳಿ ಕರ್ಚೀಫಿನ ಮೇಲೆ ತುಕ್ಕಿನ ಬಣ್ಣದ ಕಲೆ.

ಆಸ್ಪತ್ರೆಯಲ್ಲಿ ಅದಕ್ಕೆ ಪಲ್ಮನರಿ ಹೀಮೋಸಿಡೆರೋಸಿಸ್ ಎಂದರು. ಶ್ವಾಸಕೋಶದೊಳಗೆ ರಕ್ತ ಜಿನುಗಿ, ಅದರ ಕಬ್ಬಿಣ ಅಲ್ಲೇ ಉಳಿದುಬಿಡುವ ಅಪರೂಪದ ಕಾಯಿಲೆ. ಸ್ಟೀರಾಯ್ಡ್ ಶುರುವಾಯಿತು. ಸಿರಿಯ ಅಜ್ಜಿ ಪಥ್ಯವೆಂದು ಅಕ್ಕಿ ಗಂಜಿ, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಬಿಳಿಚಿದ್ದ ಉಗುರುಗಳಿಗೆ ಬಣ್ಣ ಬಂತು. ಹರಕೆಯಂತೆ ಸತ್ಯನಾರಾಯಣ ಪೂಜೆ ಮಾಡಿದರು. ಆ ವಾರವೇ ಮತ್ತೆ ರಕ್ತ. ಮತ್ತೆ ಗಂಜಿ, ಮತ್ತೆ ಚೇತರಿಕೆ, ಮತ್ತೆ ಪೂಜೆ. ಮತ್ತೆ ರಕ್ತ.

"ದೇವ್ರಿಗೆ ನಮ್ ಪೂಜೆನೇ ಬೇಡ್ವೇನೋ ಅಕ್ಕ," ಎಂದಳು ಗಿರಿಜಾ. ಹೀಗೇ ಆಗುತ್ತಿದ್ದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರ್ ಹೇಳಿಯಾಗಿತ್ತು.

ಆ ಸಲ ಆಸ್ಪತ್ರೆಗೆ ಅವರ ಜೊತೆ ನಾನೂ ಹೋದೆ. ಊಟದ ಬಗ್ಗೆ ಡಾಕ್ಟರಮ್ಮ ಕೇಳಿದಾಗ ಗಿರಿಜಾ, "ಎಲ್ಲಾ ತಿಂತಾಳೆ ಮೇಡಂ," ಎಂದಳು.

ನನಗೆ ಅಜ್ಜಿಯ ಕೈ ನೆನಪಾಯಿತು. ಪೂಜೆಯ ದಿನ ಬೇಗ ವಾಸಿಯಾಗಲೆಂದು ಮೊಮ್ಮಗಳಿಗೆ ಎರಡು ಪಟ್ಟು ಪ್ರಸಾದ ಬಡಿಸುತ್ತಿದ್ದ ಕೈ. "ಕಾಯಿಲೆ ಬಿದ್ದಾಗ ಬರೀ ಗಂಜಿ, ಮೇಡಂ. ವಾಸಿಯಾದ್ರೆ ಪೂಜೆ ಸಜ್ಜಿಗೆ. ಮಾರನೇ ದಿನದಿಂದ ಡಬ್ಬಿಗೆ ಚಪಾತಿ," ಎಂದೆ.

ಡಾಕ್ಟರಮ್ಮನ ಪೆನ್ ನಿಂತಿತು. "ಸಜ್ಜಿಗೆ ಅಂದ್ರೆ, ಗೋಧಿ ರವೆ?"

ರಕ್ತಪರೀಕ್ಷೆಯಲ್ಲಿ ಸೀಲಿಯಾಕ್ ಎಂಬ, ಗೋಧಿ ಒಗ್ಗದ ಕಾಯಿಲೆಯ ಆಂಟಿಬಾಡಿಗಳು ಸಿಕ್ಕವು. ಎಂಡೋಸ್ಕೋಪಿ ಅದನ್ನೇ ಖಚಿತಪಡಿಸಿತು. ಗೋಧಿಯಲ್ಲಿರುವ ಗ್ಲುಟೆನ್ ಒಳಗೆ ಹೋದೊಡನೆ ಸಿರಿಯ ರೋಗನಿರೋಧಕ ಶಕ್ತಿ ಅವಳ ಕರುಳಿನ ಮೇಲೇ ತಿರುಗಿಬೀಳುತ್ತಿತ್ತು. ತೀರಾ ಕೆಲವೇ ಮಕ್ಕಳಲ್ಲಿ ಇದರ ಜೊತೆಗೆ ಶ್ವಾಸಕೋಶದಲ್ಲೂ ರಕ್ತ ಜಿನುಗುತ್ತದಂತೆ. "ಎಲ್ಲ ಮಕ್ಕಳಲ್ಲೂ ಕಾರಣ ಇದೇ ಅಲ್ಲ. ಎಷ್ಟೋ ಸಲ ಕಾರಣವೇ ಸಿಗಲ್ಲ," ಎಂದರು ಡಾಕ್ಟರಮ್ಮ.

ಗೋಧಿ ನಿಂತಿತು, ಔಷಧಿ ಮುಂದುವರಿಯಿತು. ಮುಂದಿನ ಪೂಜೆಗೆ ಅಜ್ಜಿ ಅಕ್ಕಿ ತರಿಯಲ್ಲಿ ಸಜ್ಜಿಗೆ ಮಾಡಿದರು. ಆ ವಾರವಿಡೀ ಎರಡೂ ಮನೆಗಳು ಒಂದು ಕೆಮ್ಮಿಗಾಗಿ ಕಿವಿಗೊಟ್ಟು ಕಾದವು. ಬರಲಿಲ್ಲ.

ಟ್ಯೂಷನ್ನಿನಲ್ಲಿ ಮತ್ತೆ ಫ್ಯಾನ್ ಆರಿಸಿ ಕಿವಿಯಿಟ್ಟೆ. ಉಸಿರಷ್ಟೇ ಕೇಳಿತು.

"ಹೋಗ್ಬಿಟ್ರಾ ಸಿರಿ, ಪೇಪರ್ ಮುದುರೋರು?"

"ಇಲ್ಲ ಆಂಟಿ," ಬರೆಯುತ್ತಲೇ ಹೇಳಿದಳು. "ಇದಾರೆ. ಸುಮ್ನೆ ಕೂತಿದಾರೆ."

ಡಾಕ್ಟರೂ ಹೇಳಿದ್ದು ಅದನ್ನೇ, ಇದು ಬದುಕಿಡೀ ಜೊತೆಗಿರುವುದು ಎಂದು. ಮಕ್ಕಳು ಇಂಥದ್ದೇನಾದರೂ ಹೇಳಿದರೆ ನಾನೀಗ ನಗುವುದಿಲ್ಲ. ಮೊದಲು ಫ್ಯಾನ್ ಆರಿಸುತ್ತೇನೆ.